ಗಿಂಬೂಲಿನ ಹುಡುಗನ ಪರವಾಗಿ

ಆ ವರ್ಷ ಪೆಲಿಕನ್ ತಂಡ ಜುಲೈ ಹೊತ್ತಿಗೇ ಕೈಚೆಲ್ಲಿ ಕೂತಿತ್ತು. ಎಲ್ಲ ತಂಡಗಳ ಸಾಲಿನಲ್ಲಿ ಅದರ ಕೆಳಗೆ ಇನ್ನೊಂದು ತಂಡವಿರಲಿಲ್ಲ. ಹೀಗೆ ಸೋತು ಸುಣ್ಣವಾದವರಿಗೆ ಫೂಟಿಯಲ್ಲಿ, ಅಂದರೆ ಆಸ್ಟ್ರೇಲಿಯಾದ ಫುಟ್‌ಬಾಲಿನಲ್ಲಿ, ಒಂದೇ ಸಮಾಧಾನ: ವರ್ಷದ ಕೊನೆಗೆ ನಡೆಯುವ ಡ್ರಾಫ್ಟಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಅವರಿಗೆ ಮೊದಲು ಸರದಿ. ಹಾಗಾಗಿ ಚಳಿಗಾಲ ಮುಗಿಯುವ ಮೊದಲೇ ಮೆಲ್ಬರ್ನ್‌ನ ಯಾರಾವಿಲ್ ಬಡಾವಣೆಯ ವೂಲಾ ಕನಾಕಿಸಳ ಹೊಲಿಗೆ ಅಂಗಡಿಯಲ್ಲಿ ಆಗಿಹೋದ ಪಂದ್ಯಗಳ ಮಾತು ನಿಂತು, ನವೆಂಬರಿನಲ್ಲಿ ಯಾರನ್ನು ತರಬೇಕೆಂಬ ಮಾತು ಶುರುವಾಗಿತ್ತು.

ವೂಲಾಗೆ ಅರವತ್ತು ದಾಟಿತ್ತು. ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಪಂದ್ಯವೇ ಅವಳ ಮೊದಲ ನೆನಪು. ಗ್ರೀಸಿನಿಂದ ಹಡಗು ಹತ್ತಿ ಬಂದಿದ್ದ ಅಪ್ಪನಿಗೆ ಇಂಗ್ಲಿಷ್ ಬರುವ ಮೊದಲೇ ಪೆಲಿಕನ್ ಆಟಗಾರರ ಹೆಸರುಗಳು ಬಾಯಿಪಾಠವಾಗಿದ್ದವು. ಈಗ ವೂಲಾ ತಂಡದ ಬ್ಯಾನರ್ ಮಾಡುವ ಗುಂಪಿನ ಹಿರಿಯಳು. ಪಂದ್ಯದ ದಿನ ಆಟಗಾರರು ಸೀಳಿಕೊಂಡು ಮೈದಾನಕ್ಕೆ ನುಗ್ಗುವ ಆ ದೊಡ್ಡ ಕಾಗದದ ಗೋಡೆ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲೇ ಹುಟ್ಟುತ್ತಿತ್ತು. ಅಂಟು, ಕತ್ತರಿ, ಮೈಗೆಲ್ಲ ಮೆತ್ತುವ ಬಣ್ಣದ ಕಾಗದ, ನಡುವೆ ಅವಳು ಬೇಯಿಸಿ ತರುವ ಪಾಲಕ್-ಚೀಸಿನ ಪೈ, ಇಷ್ಟಿದ್ದರೆ ಮಾತಿಗೆ ಕೊರತೆಯಿರಲಿಲ್ಲ.

ಮಾತಿಗೆ ಕೂರುತ್ತಿದ್ದವರು ಮುಖ್ಯವಾಗಿ ಮೂವರು. ವೂಲಾ ಒಬ್ಬಳು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಡೆಸ್ ಕಾರಿಗನ್ ಇನ್ನೊಬ್ಬ. ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಯಾವ ಮಾತನ್ನೂ ಪಾಠದಂತೆ ಆರಂಭಿಸುವ ಚಾಳಿ ಅವನನ್ನು ಬಿಟ್ಟಿರಲಿಲ್ಲ. ಮೂರನೆಯವಳು ಲೊರೇನ್ ಪ್ಯಾಸ್ಕ್. ಆಂಬುಲೆನ್ಸಿನಲ್ಲಿ ಕೆಲಸ, ಇಬ್ಬರಿಗಿಂತಲೂ ಇಪ್ಪತ್ತು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಇಬ್ಬರಿಗಿಂತಲೂ ಹರಿತ.

ಆ ಚಳಿಗಾಲ ಮೂವರಿಗೂ ಒಬ್ಬೊಬ್ಬ ಹುಡುಗ ಹಿಡಿಸಿದ್ದ. ಡೆಸ್‌ನ ಆಯ್ಕೆ ಟಾಸ್ಮೇನಿಯಾದ ಫ್ಲಿನ್ ಹೇಗಾರ್ತ್, ಕುಳ್ಳ, ಎಡಗಾಲಿನವ. ಚೆಂಡು ಅವನ ಕಾಲಿನಿಂದ ಹೊರಟರೆ ಓಡುತ್ತಿರುವ ಜೊತೆಗಾರನ ಎದೆಗೆ ಹೋಗಿ ಕೂರುತ್ತದೆ, ಅವನು ಕೈಚಾಚುವ ಕಷ್ಟವನ್ನೂ ಪಡಬೇಕಿಲ್ಲ ಎಂದು ಡೆಸ್ ವರ್ಣಿಸುತ್ತಿದ್ದ. ಲೊರೇನ್‌ಳ ಆಯ್ಕೆ ತೋನ್ ಮಾಬಿಯೊರ್, ಸುಡಾನಿನಿಂದ ಬಂದು ಡ್ಯಾಂಡೆನಾಂಗಿನಲ್ಲಿ ನೆಲೆಸಿದ ಮನೆಯ ಹುಡುಗ. ಫೂಟಿ ಮುಟ್ಟಿ ಇನ್ನೂ ನಾಲ್ಕು ವರ್ಷ. ಆದರೆ ಮೇಲಕ್ಕೆ ಹಾರಿದನೆಂದರೆ ಕೆಳಗಿರುವವರು ಅವನ ಬೂಟಿನ ತಳ ನೋಡುತ್ತ ನಿಲ್ಲಬೇಕು. ವೂಲಾ ಮಾತ್ರ ಇಡೀ ಊರು ಯಾರ ಹಿಂದೆ ಬಿದ್ದಿತ್ತೋ ಅವನ ಹಿಂದೆಯೇ ಇದ್ದಳು: ಹಾರ್ವಿ ಲಾಕೆಟ್. ಮೂವರೂ ತಮ್ಮ ತಮ್ಮ ಹುಡುಗನನ್ನು ಹೊಗಳುತ್ತಿದ್ದರೇ ಹೊರತು ಇನ್ನೊಬ್ಬರ ಹುಡುಗನನ್ನು ಹಳಿಯುತ್ತಿರಲಿಲ್ಲ. ಹಳಿಯುವಂಥದ್ದು ಆ ಮೂವರಲ್ಲಿ ಏನೂ ಇರಲೂ ಇಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಬಾಲರಟ್‌ನಲ್ಲಿ ಹದಿನೆಂಟರೊಳಗಿನವರ ಪಂದ್ಯವಿತ್ತು. ಲಾಕೆಟ್ ಆಡುತ್ತಾನೆಂದು ವೂಲಾ ಹೊರಟಳು, ಉಳಿದಿಬ್ಬರೂ ಜೊತೆಗೆ ಬಂದರು. ಮೂಳೆ ಕೊರೆಯುವ ಗಾಳಿ. ಬೇಲಿಯ ಪಕ್ಕ ಮಡಿಚುವ ಕುರ್ಚಿ ಹಾಕಿ, ಕಂಬಳಿಯೊಂದನ್ನು ಮೂವರ ಮೊಣಕಾಲಿಗೂ ಎಳೆದುಕೊಂಡು ಕೂತರು.

ಲಾಕೆಟ್ ಹೇಳಿದ್ದಕ್ಕಿಂತ ಹೆಚ್ಚೇ ಇದ್ದ. ಓಡುವಾಗ ನೆಲ ಅವನಿಗೆ ತಾನಾಗಿ ದಾರಿ ಬಿಟ್ಟಂತೆ ಕಾಣುತ್ತಿತ್ತು. ಮೊದಲ ಕ್ವಾರ್ಟರಿನಲ್ಲೇ ಎರಡು ಗೋಲು ಹೊಡೆದ. ವೂಲಾ ತೊಡೆ ತಟ್ಟಿಕೊಂಡು ನಕ್ಕಳು. ಎರಡನೆಯ ಕ್ವಾರ್ಟರಿನಲ್ಲಿ ಮತ್ತೊಂದು. ಆಗಲೇ ಅವಳ ಕಣ್ಣು ಲಾಕೆಟ್‌ನನ್ನು ಕಾಯಲು ನಿಂತಿದ್ದ ಎದುರು ತಂಡದ ಹುಡುಗನ ಮೇಲೆ ಬಿತ್ತು.

ಕೆಂಪು ಕೂದಲು, ಹೊರಚಾಚಿದ ಕಿವಿ, ಸಣಕಲು ತೋಳು. ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದ. ಆದರೆ ಪ್ರತಿ ಸಲವೂ, ಗೋಲಾದ ಮೇಲೆ, ಉಳಿದವರು ತಲೆ ತಗ್ಗಿಸಿ ನಿಂತಾಗ ಅವನು ಓಡುತ್ತಲೇ ತನ್ನ ಜಾಗಕ್ಕೆ ಮರಳುತ್ತಿದ್ದ. ಪಕ್ಕದವನ ಬೆನ್ನು ತಟ್ಟಿ ಏನೋ ಹೇಳುತ್ತಿದ್ದ, ಕೈ ತೋರಿಸಿ ಇನ್ನೊಬ್ಬನನ್ನು ಸರಿಯಾದ ಕಡೆ ನಿಲ್ಲಿಸುತ್ತಿದ್ದ. ಮತ್ತೆ ಲಾಕೆಟ್‌ನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದ, ಆಗ ತಾನೇ ಪಂದ್ಯ ಶುರುವಾದಂತೆ. ಮೂರನೆಯ ಕ್ವಾರ್ಟರಿನಿಂದಾಚೆಗೆ ವೂಲಾ ಲಾಕೆಟ್‌ನನ್ನು ನೋಡುವುದನ್ನೇ ಬಿಟ್ಟಳು.

ಕೊನೆಯ ಕ್ವಾರ್ಟರಿನ ಹೊತ್ತಿಗೆ ಆ ಹುಡುಗನ ತಂಡ ಯಾರೂ ತುಂಬಿಕೊಡಲಾಗದಷ್ಟು ಹಿಂದೆ ಬಿದ್ದಿತ್ತು. ನೋಡಲು ಬಂದವರು ಕುರ್ಚಿ ಮಡಿಚತೊಡಗಿದ್ದರು. ಆಗಲೇ ಆರು ಗೋಲು ಹೊಡೆದಿದ್ದ ಲಾಕೆಟ್‌ಗೆ ಮತ್ತೊಂದು ಚೆಂಡು ಸಿಕ್ಕಿತು. ಮುಂದೆ ಖಾಲಿ ಗೋಲುಕಂಬಗಳು. ಅವನು ನಿಧಾನವಾಗಿ ಕಾಲು ಬೀಸಿದ. ಎಲ್ಲಿಂದ ಬಂದನೋ, ಆ ಕೆಂಪು ಕೂದಲಿನವನು ಅಡ್ಡ ಹಾರಿ, ಚೆಂಡು ಬೂಟನ್ನು ಬಿಡುವ ಜಾಗಕ್ಕೇ ಎದೆಕೊಟ್ಟ. ಚೆಂಡು ಅವನ ಪಕ್ಕೆಗೆ ಬಡಿದು ಹೊರಗೆ ಹೋಯಿತು. ಲಾಕೆಟ್ ಅವನ ಮೇಲೆ ಉರುಳಿದ. ಹುಡುಗ ಉಸಿರು ಸಿಕ್ಕಿಹಾಕಿಕೊಂಡು ಒಂದು ಗಳಿಗೆ ನೆಲ ಕಚ್ಚಿದ್ದು ಎದ್ದ, ಲಾಕೆಟ್‌ಗೂ ಕೈಕೊಟ್ಟು ಎಬ್ಬಿಸಿದ, ಆಮೇಲೆ ಓಡಿಹೋಗಿ ತನ್ನವರಿಗೆ ಎಲ್ಲಿ ನಿಲ್ಲಬೇಕೆಂದು ಹೇಳತೊಡಗಿದ.

"ಅವನು ಯಾರು?" ಎಂದು ವೂಲಾ ಕೇಳಿದಳು.

ಡೆಸ್ ಕಾರ್ಯಕ್ರಮದ ಹಾಳೆ ನೋಡಿದ. ಕ್ಯಾಲಮ್ ಪರ್ಡನ್, ಮ್ಯಾಲೀ ಸೀಮೆಯ ಗಿಂಬೂಲ್ ಎಂಬ ಊರಿನವ. ಆ ಊರಲ್ಲಿ ಗೋಧಿ ತುಂಬುವ ಸೈಲೋ ಬಿಟ್ಟರೆ ಮತ್ತೇನೂ ಇಲ್ಲವೆಂದು ಡೆಸ್ ಪಾಠ ಶುರುಮಾಡಿದ. ವೂಲಾ ಕೇಳಿಸಿಕೊಳ್ಳಲಿಲ್ಲ.

ಮರಳುವ ದಾರಿಯಲ್ಲಿ ಕಾರಿನೊಳಗೆ ಅವಳು ತನ್ನ ತೀರ್ಮಾನ ಹೇಳಿದಾಗ ಡೆಸ್ ಮೊದಲು ತಮಾಷೆಯೆಂದುಕೊಂಡ.

"ವೂಲಾ, ಆ ಹುಡುಗನ ಮೇಲೆ ಆರು ಗೋಲು ಆಗಿದೆ ಕಣೇ," ಎಂದ.

"ಆಗಿರ್ಲಿ. ಏಳನೇದು ಆಗ್ಲಿಲ್ವಲ್ಲ."

"ಅದೇನು ಲೆಕ್ಕ ಮಾರಾಯ್ತಿ?"

"ನೀನು ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡ್ದೆ. ದಿನಾ ಫೇಲಾಗಿ ದಿನಾ ಮುಂದಿನ ಬೆಂಚಲ್ಲೇ ಬಂದು ಕೂರೋ ಹುಡುಗನ್ನ ಎಷ್ಟು ಜನ ನೋಡಿದೀಯ, ಹೇಳು."

ಹಿಂದಿನ ಸೀಟಿನಿಂದ ಲೊರೇನ್, ಪೆಲಿಕನ್‌ನಲ್ಲಿ ಸೋಲುವುದು ಬರುವವರು ಆಗಲೇ ಬೇಕಾದಷ್ಟಿದ್ದಾರೆ, ಅದಕ್ಕೆ ಮ್ಯಾಲೀಯಿಂದ ಬೇರೆ ಆಮದು ಮಾಡಿಕೊಳ್ಳಬೇಕಾ ಎಂದು ಚುಚ್ಚಿದಳು. ವೂಲಾ ತಾನೂ ನಕ್ಕಳು. ಆದರೆ ಮಾತು ಬದಲಿಸಲಿಲ್ಲ.

ಅಕ್ಟೋಬರ್ ಇಡೀ ಇದೇ ಜಗಳ. ಮೊದಲ ಆಯ್ಕೆಗೆ ಲಾಕೆಟ್‌ನನ್ನೇ ತೆಗೆದುಕೊಳ್ಳಲಿ, ಅವನಂಥವನು ಹತ್ತು ವರ್ಷಕ್ಕೊಬ್ಬ ಬರುತ್ತಾನೆ, ಆದರೆ ಕೊನೆಕೊನೆಯ ಸರದಿಗಳಲ್ಲಿ ಯಾರಿಗೂ ಬೇಡವಾದ ಹೆಸರುಗಳನ್ನು ಆರಿಸುವಾಗ ಪರ್ಡನ್‌ನನ್ನು ಬಿಡಬಾರದು ಎಂಬುದು ವೂಲಾಳ ವಾದ. ಡೆಸ್ ಅಂಕಿಗಳನ್ನು ತಂದು ಮುಂದಿಟ್ಟ: ಹುಡುಗ ನಿಧಾನ, ಎತ್ತರ ಸಾಲದು, ತೂಕವಂತೂ ಇಲ್ಲವೇ ಇಲ್ಲ. ವೂಲಾ ಯಾವುದನ್ನೂ ಅಲ್ಲಗಳೆಯಲಿಲ್ಲ. ನಿಧಾನ ಹೌದು, ಕುಳ್ಳ ಹೌದು ಎಂದು ಒಪ್ಪಿಕೊಳ್ಳುತ್ತಲೇ ಬಟ್ಟೆಗೆ ಕತ್ತರಿ ಹಾಕುತ್ತಿದ್ದಳು. ಹೀಗೆ ಎಲ್ಲವನ್ನೂ ಒಪ್ಪಿಕೊಂಡೂ ಜಗ್ಗದವಳ ಹತ್ತಿರ ಹೇಗೆ ವಾದ ಮಾಡುವುದೆಂದು ಡೆಸ್‌ಗೆ ತೋಚುತ್ತಿರಲಿಲ್ಲ. ಗಿರಾಕಿಗಳ ಪ್ಯಾಂಟಿನ ಅಂಚು ಮಡಿಚುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅವರಿಗೂ ಅವಳು ಪರ್ಡನ್‌ನ ಕಥೆ ಹೇಳಿದಳು. ಪಕ್ಕದ ಬೇಕರಿಯ ವಿಯೆಟ್ನಾಮಿನ ಹೆಂಗಸು, ಫೂಟಿಯ ಗಂಧಗಾಳಿಯಿಲ್ಲದವಳು, ಒಂದು ಬೆಳಿಗ್ಗೆ ಬನ್ನು ಕಟ್ಟಿಕೊಡುತ್ತ ಕೆಂಪು ಕೂದಲಿನವನ ಸುದ್ದಿ ಏನಾಯಿತೆಂದು ಕೇಳಿದಳು.

ಡ್ರಾಫ್ಟಿಗೆ ಎರಡು ವಾರವಿರುವಾಗ ಪೆಲಿಕನ್ ಕ್ಲಬ್ಬಿನಲ್ಲಿ ಸದಸ್ಯರ ಸಭೆ ನಡೆಯಿತು. ಹುಡುಗರನ್ನು ಹುಡುಕಿ ತರುವ ಕೆಲಸದ ಮುಖ್ಯಸ್ಥ ಗ್ರೇಮ್ ಸ್ಟ್ಯಾನ್‌ವೇ ವೇದಿಕೆಯ ಮೇಲೆ ಕೂತು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ. ಎಲ್ಲರೂ ಲಾಕೆಟ್‌ನ ಬಗ್ಗೆ ಕೇಳಿದರು. ವೂಲಾ ಎದ್ದಳು. ಅಷ್ಟು ಜನರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. ಆದರೂ ಗಿಂಬೂಲಿನ ಕ್ಯಾಲಮ್ ಪರ್ಡನ್‌ನನ್ನು ನೀವು ನೋಡಿದ್ದೀರಾ ಎಂದು ಕೇಳಿದಳು. ಬಾಲರಟ್‌ನಲ್ಲಿ ತಾನು ಕಂಡದ್ದನ್ನು ಹೇಳಿದಳು. ಆರು ಗೋಲಿನ ಮಾತು ಬಂದಾಗ ಸಭೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, ಅಜ್ಜಿ, ಅವನನ್ನ ದತ್ತು ತಗೊಳ್ಳಿ, ಡ್ರಾಫ್ಟಿಗೆ ಬೇಡ ಎಂದು ಕೂಗಿದರು. ನಗು ಇನ್ನೂ ಜೋರಾಯಿತು. ವೂಲಾಗೆ ಮುಂದಿನ ಮಾತು ಮರೆತೇಹೋಯಿತು.

ಆಗ ಪಕ್ಕದಲ್ಲಿ ಡೆಸ್ ಎದ್ದುನಿಂತ. ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡ. ಮೈಕು ಕೇಳಲಿಲ್ಲ, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ ಅವನಲ್ಲಿ ಇನ್ನೂ ಇತ್ತು.

"ನಾನೂ ಅಲ್ಲೇ ಇದ್ದೆ," ಎಂದ. "ಒಂದು ತಿಂಗಳಿಂದ ಇವಳ ಜೊತೆ ಜಗಳ ಆಡ್ತಿದೀನಿ. ಅದಕ್ಕೇ ಆ ಹುಡುಗನ ಹಳೇ ಪಂದ್ಯ ಎಲ್ಲಾ ಹಾಕ್ಕೊಂಡು ನೋಡ್ದೆ, ಇವಳದ್ದು ತಪ್ಪು ಅಂತ ತೋರ್ಸೋಕೆ. ಆಗ್ಲಿಲ್ಲ. ಪಂದ್ಯ ಸೋತು ಸುಣ್ಣ ಆದ್ಮೇಲೂ ಒಂದೇ ಸಮ ಆಡೋನು ನಮ್ಮ ತಂಡದಲ್ಲಿ ಈ ವರ್ಷ ಒಬ್ಬನೂ ಇರ್ಲಿಲ್ಲ. ನಗೋರು ನಗ್ಲಿ. ಆದ್ರೆ ಇವಳು ಕೇಳಿದ್ದಕ್ಕೆ ಉತ್ತರ ಕೊಡಿ."

ಡೆಸ್ ಹೀಗೆ ಗುಟ್ಟಾಗಿ ಕೂತು ನೋಡಿದ್ದಾನೆಂಬುದು ವೂಲಾಗೂ ಆಗಲೇ ಗೊತ್ತಾದದ್ದು.

ಸ್ಟ್ಯಾನ್‌ವೇ ನಗಲಿಲ್ಲ. ತಾನು ಆ ಹುಡುಗನನ್ನು ಮೂರು ಸಲ ನೋಡಿದ್ದೇನೆ, ಊರಿಗೂ ಹೋಗಿ ಮಾತಾಡಿಸಿದ್ದೇನೆ ಎಂದ. ನೀವು ಹೇಳಿದ್ದೆಲ್ಲ ನಿಜ. ಅಂಥ ಮನಸ್ಸಿನ ಹುಡುಗರು ನಮಗೂ ಅಪರೂಪಕ್ಕೆ ಸಿಗುತ್ತಾರೆ. ಆದರೆ ಮೊದಲ ಮೂರು ಹೆಜ್ಜೆಯಲ್ಲಿ ಅವನು ತಡ. ದೊಡ್ಡವರ ಆಟದಲ್ಲಿ ಆ ಮೂರು ಹೆಜ್ಜೆಯೊಳಗೆ ಎಲ್ಲ ಮುಗಿದುಹೋಗುತ್ತದೆ. ಅದನ್ನು ಕಲಿಸಲು ಬರುತ್ತದೋ ಇಲ್ಲವೋ ತನಗೆ ತಿಳಿಯದೆಂದು ಅವನು ನೇರವಾಗಿ ಒಪ್ಪಿಕೊಂಡ. ಆಮೇಲೆ, ಕ್ಲಬ್ಬಿಗೆ ಇಂಥ ಕಣ್ಣಿನವರು ಇರುವುದು ಒಳ್ಳೆಯದು ಎಂದು ವೂಲಾಳ ಕಡೆ ನೋಡಿ ತಲೆಬಾಗಿಸಿದ. ಹೊರಗೆ ಬಂದಾಗ ಲೊರೇನ್ ಅವಳ ತೋಳಿಗೆ ತೋಳು ಸೇರಿಸಿ, ಮುದುಕರಿಬ್ಬರೂ ಸೇರಿ ತನ್ನ ಮಾನ ಕಳೆದಿರಿ, ಮುಂದಿನ ಸಲ ತಾನೂ ಎದ್ದು ನಿಲ್ಲುತ್ತೇನೆ ಎಂದಳು.

ಡ್ರಾಫ್ಟಿನ ಸಂಜೆ ಮೂವರೂ ಡೆಸ್‌ನ ಮನೆಯಲ್ಲಿ ಟಿವಿಯ ಮುಂದೆ ಕೂತರು. ಪೆಲಿಕನ್ ಹಾರ್ವಿ ಲಾಕೆಟ್‌ನನ್ನು ಆರಿಸಿತು. ಹುಡುಗ ಅಮ್ಮನನ್ನು ತಬ್ಬಿಕೊಂಡು ಅತ್ತಾಗ ಮೂವರ ಕಣ್ಣೂ ಒದ್ದೆಯಾದವು. ತೋನ್ ಮಾಬಿಯೊರ್ ಪಶ್ಚಿಮದ ಪರ್ತ್‌ಗೆ ಹೋದ; ಅವನ ಮನೆಯವರು ಎದ್ದು ಹಾಡಿ ಕುಣಿದರೆ ಇಲ್ಲಿ ಲೊರೇನ್ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಫ್ಲಿನ್ ಹೇಗಾರ್ತ್ ಅಡಿಲೇಡಿಗೆ. ಹೆಸರುಗಳು ಬರುತ್ತಲೇ ಇದ್ದವು. ಪೆಲಿಕನ್‌ನ ಕೊನೆಯ ಸರದಿಯಲ್ಲಿ ಬೆಂಡಿಗೋದ ಎತ್ತರದ ಹುಡುಗನೊಬ್ಬನ ಹೆಸರು ಕೇಳಿತು. ಎಲ್ಲ ತಂಡಗಳೂ ಸಾಕೆಂದು ಕೈಮುಗಿದವು. ಕ್ಯಾಲಮ್ ಪರ್ಡನ್ ಎಂದು ಯಾರೂ ಹೇಳಲಿಲ್ಲ.

ಡೆಸ್ ಟಿವಿ ಆರಿಸಿದ. ವೂಲಾ ತಟ್ಟೆಗಳನ್ನು ಒಟ್ಟುಮಾಡಿ ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಗಿಂಬೂಲಿನಲ್ಲಿ ಎಲ್ಲೋ ಒಂದು ಮನೆಯಲ್ಲೂ ಈಗ ಹೀಗೇ ಯಾರೋ ಟಿವಿ ಆರಿಸಿ ಎದ್ದಿರುತ್ತಾರೆ ಎಂಬುದು ಅವಳ ಮನಸ್ಸಿನಿಂದ ಹೋಗಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಪೆಲಿಕನ್‌ಗೆ ಪಂದ್ಯವಿಲ್ಲದ ಒಂದು ಶನಿವಾರ ಬಂತು. ಬೆಳಗಾಗುವ ಮೊದಲೇ ಲೊರೇನ್ ಕಾರು ತಂದು ಅಂಗಡಿಯ ಮುಂದೆ ಹಾರ್ನ್ ಮಾಡಿದಳು. ಎಲ್ಲಿಗೆಂದು ಮೂವರಲ್ಲಿ ಯಾರೂ ಕೇಳಲಿಲ್ಲ. ಐದು ತಾಸಿನ ದಾರಿ. ಬೆಟ್ಟ ಮುಗಿದು ಬಯಲು ಬಂತು, ಬಯಲು ಮುಗಿದು ಕೆಂಪು ಮಣ್ಣು ಬಂತು, ಆಮೇಲೆ ದೂರದಲ್ಲಿ ಸೈಲೋ.

ಗಿಂಬೂಲಿನ ಮೈದಾನದ ಸುತ್ತ ಕಾರುಗಳು ಮೂತಿ ಒಳಮಾಡಿ ನಿಂತಿದ್ದವು. ಒಂದು ಬದಿಯಲ್ಲಿ ಹೆಣ್ಣುಮಕ್ಕಳ ನೆಟ್‌ಬಾಲ್ ನಡೆದಿತ್ತು. ಮೂವರೂ ಸೂಪು ಕೊಳ್ಳಲು ಸಾಲಿನಲ್ಲಿ ನಿಂತಿದ್ದರು. ಕ್ಲಬ್ಬಿನ ಅಧ್ಯಕ್ಷೆ ಮಾರ್ಲೀನ್ ಎಂಬ ಗಟ್ಟಿಗಿತ್ತಿ ಹೊಸ ಮುಖಗಳನ್ನು ಕಂಡು ಬಂದು ಮಾತಾಡಿಸಿದಳು. ಊರಲ್ಲಿ ಅರ್ಧಕ್ಕರ್ಧ ಜನ ಜ್ವರ ಬಂದು ಮಲಗಿದ್ದರು. ಸೂಪು ಕುಡಿದು ಮುಗಿಯುವ ಮೊದಲೇ ಡೆಸ್‌ನ ಮೈಮೇಲೆ ಗೋಲು ಅಂಪೈರಿನ ಬಿಳಿಕೋಟು ಬಂದಿತ್ತು, ಕೈಯಲ್ಲಿ ಎರಡು ಬಾವುಟ. ಆಂಬುಲೆನ್ಸಿನವಳೆಂದು ತಿಳಿದದ್ದೇ ಲೊರೇನ್‌ಳನ್ನು ಆಟಗಾರರ ಕಾಲಿಗೆ ಪಟ್ಟಿ ಸುತ್ತಲು ಒಳಗೆ ಕರೆದೊಯ್ದರು. ವೂಲಾಗೆ ಒಂದು ಚಾಕುವೂ ಒಂದು ಬುಟ್ಟಿ ಕಿತ್ತಳೆಯೂ ಸಿಕ್ಕವು.

ಅವಳು ಕಿತ್ತಳೆ ಹೋಳು ಮಾಡುತ್ತಿರುವಾಗ ಎದುರಿಗೆ ನೆರಳು ಬಿತ್ತು. ಕೆಂಪು ಕೂದಲು, ಅದೇ ಕಿವಿ. ಭುಜ ಒಂದಿಷ್ಟು ತುಂಬಿಕೊಂಡಿತ್ತು. ಪಟ್ಟಿ ಸುತ್ತುತ್ತ ಲೊರೇನ್ ಎಲ್ಲವನ್ನೂ ಹೇಳಿಬಿಟ್ಟಿದ್ದಳೆಂದು ಅವನ ಮುಖವೇ ಹೇಳುತ್ತಿತ್ತು.

"ಮೆಲ್ಬರ್ನ್‌ನಲ್ಲಿ ನನ್ನ ಬಗ್ಗೆ ಮಾತಾಡಿದ್ರಂತೆ," ಎಂದ. "ನನ್ನ ಹೆಸ್ರು ಹಿಡ್ದು?"

"ಹೆಸರು ಹಿಡಿದೇ ಮಾತಾಡಿದ್ವಪ್ಪ. ಒಂದು ತಿಂಗಳು ಜಗಳ ಆಡಿದ್ವಿ."

ಅವನು ಕತ್ತು ಕೆರೆದುಕೊಂಡ. ನಗಬೇಕೋ ಬೇಡವೋ ತಿಳಿಯದೆ ಬೂಟಿನಿಂದ ನೆಲ ಗೀರಿದ. ಆಮೇಲೆ, ತನ್ನಲ್ಲಿ ಏನು ಸಾಲದೆಂದು ಕ್ಲಬ್ಬಿನವರು ಹೇಳಿದರು ಅಂತ ಕೇಳಿದ. ಆರಿಸದ ಮೇಲೆ ಯಾರೂ ಅದನ್ನು ತನಗೆ ಹೇಳಲಿಲ್ಲವಂತೆ. ವೂಲಾ ಸುಳ್ಳು ಹೇಳಬಹುದಿತ್ತು. ಅವನ ಮುಖ ನೋಡಿ ಹೇಳಲು ಮನಸ್ಸಾಗಲಿಲ್ಲ.

"ಮೊದಲ ಮೂರು ಹೆಜ್ಜೆ ತಡ ಅಂದ್ರು. ಬೇರೆ ಎಲ್ಲಾ ಚೆನ್ನಾಗಿದೆ ಅಂದ್ರು."

"ಸರಿಯಾಗೇ ಹೇಳಿದಾರೆ," ಎಂದ, ಬೇಸರವಿಲ್ಲದೆ. "ಅದನ್ನ ಸರಿ ಮಾಡ್ಕೋಬೋದು. ಏನು ಅಂತ ಗೊತ್ತಿರ್ಲಿಲ್ಲ, ಅಷ್ಟೇ." ಒಂದು ಹೋಳು ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. "ಬನ್ನಿ, ಇಲ್ಲಿ ಗಾಳಿ ಜಾಸ್ತಿ. ಅಜ್ಜನ ಗಾಡೀಲಿ ಕೂತ್ಕೊಳ್ಳಿ."

ಅಜ್ಜ ಕ್ಲಾರಿ ಪರ್ಡನ್ ಬೇಲಿಗೆ ತಾಗಿಸಿ ನಿಲ್ಲಿಸಿದ ಯೂಟ್ ಎಂಬ ಹಳೆಯ ಪಿಕಪ್ ಗಾಡಿಯಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದ. ಈ ಅಮ್ಮ ತನ್ನ ಪರವಾಗಿ ಮೆಲ್ಬರ್ನ್‌ನಲ್ಲಿ ಜಗಳ ಆಡಿದವರು ಎಂದು ಮೊಮ್ಮಗ ಪರಿಚಯಿಸಿದ. ಮುದುಕ ಪಕ್ಕದ ಸೀಟಿನ ಮೇಲಿದ್ದ ನಾಯಿಯನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಟ್ಟ.

ಪಂದ್ಯ ಶುರುವಾಯಿತು. ಕ್ಯಾಲಮ್ ಹಿಂದಿನ ಸಾಲಿನಲ್ಲಿದ್ದ. ಅವನ ಎರಡು ಪಟ್ಟು ದಪ್ಪದ, ಗಡ್ಡದ ಆಳೊಬ್ಬನನ್ನು ಕಾಯುವ ಕೆಲಸ. ಅಪ್ಪಂದಿರ ವಯಸ್ಸಿನವರನ್ನೆಲ್ಲ ಆ ಹುಡುಗ ಹೆಸರು ಹಿಡಿದು ಕರೆದು ಅತ್ತ ಇತ್ತ ನಿಲ್ಲಿಸುತ್ತಿದ್ದ, ಅವರೂ ಮರುಮಾತಿಲ್ಲದೆ ನಿಲ್ಲುತ್ತಿದ್ದರು. ವೂಲಾಗೆ ತಡೆಯಲಾಗಲಿಲ್ಲ. ಈಗ ಎಡಕ್ಕೆ ಬರುತ್ತಾನೆ ನೋಡಿ, ಗಡ್ಡದವನಿಗೆ ಒಳಗಿನ ಜಾಗ ಕೊಡಬಾರದು, ಹಾಂ, ಮೈ ಅಡ್ಡ ಕೊಟ್ಟ, ಇನ್ನು ಚೆಂಡು ಕೆಳಗೆ ಬೀಳುತ್ತದೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಚೆಂಡು ಕೆಳಗೆ ಬಿತ್ತು. ಕ್ಯಾಲಮ್ ಅದನ್ನು ಹೆಕ್ಕಿ ಬಯಲಿನ ಉದ್ದಕ್ಕೆ ಒದ್ದ. ಆ ತುದಿಯಲ್ಲಿ ಅವನ ಜೊತೆಗಾರನೊಬ್ಬ ಅದನ್ನು ಹಿಡಿದು ಗೋಲು ಹೊಡೆದ. ಸುತ್ತಲ ಕಾರುಗಳೆಲ್ಲ ಹಾರ್ನ್ ಹೊಡೆದವು. ದೂರದ ಕಂಬಗಳ ನಡುವೆ ಡೆಸ್ ಎರಡೂ ಬಾವುಟಗಳನ್ನು ದೊಡ್ಡದಾಗಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬೀಸಿದ.

ಮುದುಕ ಆಗ ಮೊದಲ ಸಲ ಬಾಯಿಬಿಟ್ಟ.

"ನೀವು ಯಾವ ಜಾಗದಲ್ಲಿ ಆಡ್ತಿದ್ರಿ?"

ವೂಲಾ ಅವನ ಕಡೆ ತಿರುಗಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳ ಕಾಲದಲ್ಲಿ ಹುಡುಗಿಯರಿಗೆ ಬೇಲಿಯಾಚೆ ನಿಂತು ಕೂಗುವ ಕೆಲಸ ಮಾತ್ರ ಇತ್ತು. ಪಂದ್ಯದ ಚೆಂಡನ್ನು ಅವಳು ಒಂದು ದಿನವೂ ಮುಟ್ಟಿದವಳಲ್ಲ. ಅದನ್ನು ಹೇಳಿದಳು. ಮುದುಕ ನಂಬದವನಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೀಟರನ್ನು ಇನ್ನೊಂದಿಷ್ಟು ಹೆಚ್ಚಿಸಿದ.

"ಆಡಿದ್ರೆ?" ಎಂದ.

ವೂಲಾ ಗಾಜಿನಾಚೆ ನೋಡಿದಳು. ಚೆಂಡು ಮತ್ತೆ ಈ ಕಡೆಗೇ ಬರುತ್ತಿತ್ತು.

"ಹಿಂದಿನ ಸಾಲಲ್ಲಿ," ಎಂದಳು. "ನಿಮ್ಮ ಹುಡುಗನ ಪಕ್ಕದಲ್ಲೇ."